ಅಕ್ಕನ ಎದೆ, ನನ್ನ ಹೆಸರು

ಹಾಸನದ ಗಾರ್ಮೆಂಟ್ಸ್ ಫ್ಯಾಕ್ಟರಿ ಬಿಟ್ಟ ದಿನ ನನ್ನಿಂದ ಮೂರು ಸಾಮಾನು ವಾಪಸ್ ಈಸಿಕೊಂಡರು: ಗುರುತಿನ ಚೀಟಿ, ಲಾಕರಿನ ಬೀಗದ ಕೈ, ದಾರ ಕತ್ತರಿಸುವ ಪುಟ್ಟ ಕತ್ತರಿ. ಹನ್ನೊಂದು ವರ್ಷ ದುಡಿದವಳು ಕತ್ತರಿ ಹೊತ್ತುಕೊಂಡು ಹೋದಾಳು ಎಂಬ ಭಯ ಅವರಿಗೆ. ಇನ್ಶೂರೆನ್ಸ್ ಕಾರ್ಡನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಆ ದಿನ ಸಂಜೆಗೆ ಅದು ತಾನಾಗಿಯೇ ರದ್ದಾಗುತ್ತಿತ್ತು.

ಇದನ್ನು ಒಂದು ತಿಂಗಳು ಮೊದಲೇ ನನಗೆ ಬಿಡಿಸಿ ಹೇಳಿದವಳು ಎಚ್.ಆರ್. ವಿಭಾಗದ ಹುಡುಗಿ. ಕೆಲಸ ಬಿಡುವ ಮುಂಚೆ ಅರ್ಜಿ ಹಾಕಿದರೆ ಫ್ಯಾಕ್ಟರಿಯ ಗುಂಪು ವಿಮೆಯಿಂದ ಅದೇ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಬಹುದಂತೆ, ಹಳೆಯ ವರ್ಷಗಳೂ ಲೆಕ್ಕಕ್ಕೆ ಬರುತ್ತವಂತೆ. ಹೊಸದಾಗಿ ಮಾಡಿಸಿದರೆ ಮೊದಲಿನಿಂದ ಇರುವ ಕಾಯಿಲೆಗಳಿಗೆ ಮೂರು ವರ್ಷ ಕಾಯಬೇಕಂತೆ. ನನಗೆ ಮೊದಲಿನಿಂದ ಇರುವ ಕಾಯಿಲೆ ಯಾವುದೂ ಇರಲಿಲ್ಲ. ನಲವತ್ತೆರಡು ವರ್ಷದಲ್ಲಿ ಹೆರಿಗೆಗೊಮ್ಮೆ ಬಿಟ್ಟರೆ ಆಸ್ಪತ್ರೆಯ ಮಂಚ ಹತ್ತಿದವಳಲ್ಲ. ಆದರೂ ಬಿಡುವುದು ಯಾಕೆ ಎಂದು ಅರ್ಜಿ ತುಂಬಿದೆ.

ವಿಮೆ ನನಗೆ ಬೇಕೇಬೇಕಿತ್ತು. ಚನ್ನರಾಯಪಟ್ಟಣದಲ್ಲಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಮಳಿಗೆ ಹಿಡಿದು ನಾಲ್ಕು ಮಷಿನ್ ಹಾಕಿದ್ದೆ. ಶಾಲೆಗಳ ಯೂನಿಫಾರಂ ಹೊಲಿಯುವ ಕೆಲಸ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು, ಮಗಳು ಎರಡನೇ ಪಿಯುಸಿ. ಫ್ಯಾಕ್ಟರಿಯಲ್ಲಿ ನನ್ನ ಲೈನಿನಲ್ಲೇ ಕೂರುತ್ತಿದ್ದವಳೊಬ್ಬಳು ನನಗಿಂತ ಮೊದಲು ಕೆಲಸ ಬಿಟ್ಟು ಶಾಂತಿಗ್ರಾಮದಲ್ಲಿ ಎರಡು ಮಷಿನ್ ಹಾಕಿದ್ದಳು. ಬೈಕಿನಿಂದ ಬಿದ್ದು ಸೊಂಟ ಮುರಿದು ಆಸ್ಪತ್ರೆ ಸೇರಿದಳು. ಅವಳು ಮನೆಗೆ ಬರುವಷ್ಟರಲ್ಲಿ ಎರಡೂ ಮಷಿನ್ ಮಾರಾಟವಾಗಿದ್ದವು. ಅದರಲ್ಲಿ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷಿನನ್ನು ಕೊಂಡವಳು ನಾನೇ. ದಿನಾ ಅದರ ಮುಂದೆ ಕೂತಾಗ ಇದು ನನ್ನ ಬಾಗಿಲಿನಿಂದ ಹೀಗೇ ಹೊರಗೆ ಹೋಗಬಾರದು ಎಂದುಕೊಳ್ಳುತ್ತಿದ್ದೆ.

ಅರ್ಜಿ ಹಾಕಿದ ವಾರಕ್ಕೆ ಹಾಸನದ ಶಾಖೆಯಿಂದ ಕರೆ ಬಂತು. ಅಲ್ಲಿನ ಅಧಿಕಾರಿ ಮಧ್ಯವಯಸ್ಸಿನವರು, ಮೆತ್ತಗಿನ ಮಾತು. ಕಂಪ್ಯೂಟರ್ ನೋಡುತ್ತಾ ನೋಡುತ್ತಾ ಅವರ ಹುಬ್ಬು ಮೇಲೇರಿತು.

"ಏನಮ್ಮಾ, ಅರ್ಜಿಲಿ ಯಾವ ಕಾಯಿಲೆನೂ ಇಲ್ಲ ಅಂತ ಬರೆದಿದೀರಿ. ಮೂರು ವರ್ಷದ ಹಿಂದೆ ಹಾರ್ಟಿಗೆ ಸ್ಟೆಂಟ್ ಹಾಕಿಸ್ಕೊಂಡಿದೀರಲ್ಲ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎದೆ ಮುಟ್ಟಿಕೊಂಡೆ. ದೇವರಾಣೆಗೂ ಆ ಸಂಗತಿ ನನಗೆ ಮರೆತೇ ಹೋಗಿತ್ತು.

ಆಗಿದ್ದು ಇಷ್ಟು. ಅರಕಲಗೂಡಿನಲ್ಲಿ ರಾಗಿ ಮಿಲ್ಲು ಇಟ್ಟುಕೊಂಡಿರುವ ನನ್ನ ಒಡಹುಟ್ಟಿದ ಅಕ್ಕ, ನನ್ನ ಮಗಳು ದೊಡ್ಡವಳಾದಾಗ ಆರತಿಗೆಂದು ನಮ್ಮ ಮನೆಗೆ ಬಂದಿದ್ದಳು. ಮಾರನೇ ದಿನ ಬೆಳಿಗ್ಗೆ ಪಾತ್ರೆ ಬೆಳಗುತ್ತಿದ್ದವಳು ಎಡಗೈ ಹಿಡಿದುಕೊಂಡು ಹಾಗೇ ಗೋಡೆಗೆ ಒರಗಿದಳು. ಹಾಸನದ ಖಾಸಗಿ ಆಸ್ಪತ್ರೆಗೆ ಕರೆದೊಯ್ದೆವು. ತಕ್ಷಣ ಸ್ಟೆಂಟ್ ಹಾಕಬೇಕು, ತಡೆಯುವ ಹಾಗಿಲ್ಲ ಎಂದರು. ಸರ್ಕಾರದ ಕಾರ್ಡಿನಲ್ಲಿ ಆಗಬೇಕಾದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಪತ್ರ ತರಬೇಕು ಎಂದೂ ಅವರೇ ಹೇಳಿದರು. ಕೌಂಟರಿನಲ್ಲಿ ಯಾವುದಾದರೂ ಇನ್ಶೂರೆನ್ಸ್ ಕಾರ್ಡು ಇದೆಯಾ ಎಂದು ಕೇಳಿದಾಗ ಬಾವ ನನ್ನ ಮುಖ ನೋಡಿದರು. ನಾನು ಬ್ಯಾಗಿನಿಂದ ಕಾರ್ಡು ತೆಗೆದು ಕೊಟ್ಟೆ.

ಅದು ತಪ್ಪು ಅಂತ ಅನ್ನಿಸಲೂ ಇಲ್ಲ. ನಮ್ಮ ಕಡೆ ಕಾರ್ಡು ಅಂದರೆ ಮನೆಯದು, ಮನುಷ್ಯನದಲ್ಲ. ಅಕ್ಕನ ಮನೆಯ ಹಾಲು ಡೇರಿಗೆ ಹೋಗುವುದು ತೀರಿಹೋದ ಅತ್ತೆಯ ನಂಬರಿನಲ್ಲಿ. ಗ್ಯಾಸು ಬರುವುದು ಮೈದುನನ ಹೆಸರಿಗೆ. ಪಕ್ಕದ ಮನೆಯಿಂದ ಒನಕೆ ಈಸಿಕೊಂಡು ಬಂದಷ್ಟೇ ಸಲೀಸಾಗಿ ಒಬ್ಬರ ಕಾರ್ಡಿನಲ್ಲಿ ಇನ್ನೊಬ್ಬರ ಕೆಲಸ ಆಗುತ್ತದೆ. ಅಕ್ಕತಂಗಿಯರು ನಾವು ಒಂದೇ ಅಚ್ಚು ಬೇರೆ. ಮೂರು ದಿನ ಅಕ್ಕ ನನ್ನ ಹೆಸರಿನಲ್ಲಿ ಮಲಗಿದ್ದಳು, ನಾನು ಅವಳ ಹೆಸರಿನಲ್ಲಿ ಪಕ್ಕದಲ್ಲಿ ಕೂತಿದ್ದೆ. ನರ್ಸು ನನ್ನ ಹೆಸರು ಕೂಗಿದಾಗ ನಾನು ಹ್ಞೂಂ ಎಂದು ಎದ್ದು ನಿಂತು ಬಾವನ ಕೈಲಿ ಮೊಣಕೈ ತಿವಿಸಿಕೊಂಡಿದ್ದೂ ಉಂಟು. ಒಪ್ಪಿಗೆ ಪತ್ರದಲ್ಲಿ ರೋಗಿಯ ಅಕ್ಕ ಎಂದು ಸಹಿ ಹಾಕಿದ್ದು ನಾನೇ. ಅಕ್ಕ ಬದುಕಿದಳು. ಅಷ್ಟಾದ ಮೇಲೆ ಯಾರು ಅದನ್ನೆಲ್ಲ ನೆನಪಿಟ್ಟುಕೊಳ್ಳುತ್ತಾರೆ?

ನೆನಪಿಟ್ಟುಕೊಂಡಿದ್ದು ಕಂಪ್ಯೂಟರ್. ಅದು ನಾನಲ್ಲ ಸಾರ್ ಎಂದು ಬಾಯಿಗೆ ಬಂದಿದ್ದನ್ನು ಹೇಳಿಯೇಬಿಟ್ಟೆ. ಅಧಿಕಾರಿ ಸುತ್ತ ನೋಡಿ ದನಿ ತಗ್ಗಿಸಿದರು.

"ಹಾಗಾದ್ರೆ ಯಾರು ಅಂತ ನೀವು ಬರೆದುಕೊಡಬೇಕು. ಅವರೂ ಬರೆದುಕೊಡಬೇಕು. ಬರೆದುಕೊಟ್ರೆ ನಾನು ಮೇಲಕ್ಕೆ ಕಳಿಸಲೇಬೇಕಮ್ಮ. ಆಮೇಲೆ ಆ ದುಡ್ಡು ವಾಪಸ್ ಕೇಳ್ತಾರೋ, ಪೊಲೀಸಿಗೆ ಕೊಡ್ತಾರೋ, ನನ್ನ ಕೈಲಿ ಇರಲ್ಲ. ಮನೆಗೆ ಹೋಗಿ ಯೋಚನೆ ಮಾಡಿ."

ಅವರು ಒಳ್ಳೆಯವರು. ನಾನು ಆಡಿದ ಮಾತನ್ನು ಅವರು ಬರೆದುಕೊಳ್ಳಲಿಲ್ಲ. ನಾಲ್ಕು ದಿನಕ್ಕೆ ಮೊಬೈಲಿಗೆ ಕಂಪನಿಯ ಪತ್ರ ಬಂತು: ನಿಮ್ಮ ಆರೋಗ್ಯದ ಹಿನ್ನೆಲೆಯಲ್ಲಿ ಪಾಲಿಸಿ ಕೊಡಲಾಗುವುದಿಲ್ಲ, ವಿಷಾದಿಸುತ್ತೇವೆ. ಅವತ್ತೇ ಫ್ಯಾಕ್ಟರಿಯ ಕಾರ್ಡೂ ಸತ್ತಿತು.

ಅಲ್ಲಿಂದ ಶುರುವಾಯಿತು ನನ್ನ ತಿರುಗಾಟ. ಮೇ ತಿಂಗಳು, ಎರಡು ಶಾಲೆಯ ಆರ್ಡರು ಮೇಜಿನ ಮೇಲೆ ಕತ್ತರಿಸಿಟ್ಟ ಹಾಗೇ ಬಿದ್ದಿತ್ತು. ಬೆಳಿಗ್ಗೆ ಹೆಂಗಸರಿಗೆ ಬಟ್ಟೆ ಹಂಚಿ, ಕಾಲರ್ ಯಾರು, ತೋಳು ಯಾರು ಎಂದು ಹೇಳಿ ನಾನು ವಿಮೆಯ ಕೆಲಸಕ್ಕೆ ಹೊರಡುತ್ತಿದ್ದೆ. ಬಾವ ಫೋನಿನಲ್ಲಿ ಹೊಳೆನರಸೀಪುರದ ಒಬ್ಬ ಏಜೆಂಟರ ನಂಬರು ಕೊಟ್ಟರು. ರಿಟೈರಾದ ಸ್ಕೂಲು ಮೇಷ್ಟ್ರು, ನಂಬಿಕಸ್ಥರು ಎಂದರು. ಯಾವ ನಂಬಿಕೆ ಎಂದು ನಾನು ಕೇಳಬೇಕಿತ್ತು.

ಮೇಷ್ಟ್ರ ಮನೆಯ ಜಗುಲಿಯಲ್ಲೇ ಆಫೀಸು. ಬೇರೆ ಕಂಪನಿಯ ಅರ್ಜಿ ತೆಗೆದು, ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಮಾಡಿ ನನ್ನ ಮುಂದೆ ಇಟ್ಟರು. ಒಳಗಿನ ಮೂರು ಪುಟ ಖಾಲಿ. ಬಿಪಿ, ಸಕ್ಕರೆ, ಹೃದಯ, ಆಪರೇಷನ್, ಹಿಂದೆ ಯಾವ ಕಂಪನಿಯಾದರೂ ನಿರಾಕರಿಸಿದೆಯೇ ಎಂಬಿತ್ಯಾದಿ ಪ್ರಶ್ನೆಗಳು. ಇದನ್ನೆಲ್ಲ ಯಾರು ತುಂಬುತ್ತಾರೆ ಎಂದೆ. ಎಲ್ಲಕ್ಕೂ ಇಲ್ಲ ಅಂತ ತಾವೇ ಹಾಕುವುದಾಗಿ, ಐವತ್ತರ ಒಳಗಿನವರಿಗೆ ವೈದ್ಯಕೀಯ ಪರೀಕ್ಷೆಯೂ ಇಲ್ಲವೆಂದು ಹೇಳಿದರು. ಕ್ಲೇಮಿಗೆ ಹೋದಾಗ ಹಳೆಯದು ಸಿಕ್ಕಿಬಿದ್ದರೆ ಎಂದು ಕೇಳಿದ್ದಕ್ಕೆ ನಕ್ಕರು.

"ಕ್ಲೇಮ್ ಬಂದಾಗ ನೋಡ್ಕಳನ ಬುಡವ್ವ. ಮದುವೆ ಮಾಡೋ ಮೊದ್ಲೇ ತೊಟ್ಟಿಲು ಉಡುಕ್ತಾರಾ?"

ನಾನು ಕ್ವಾಲಿಟಿ ಚೆಕ್ಕಿನಲ್ಲಿ ಐದು ವರ್ಷ ನಿಂತವಳು. ಪೀಸಿನಲ್ಲಿ ತೂತಿದ್ದರೆ ಅದನ್ನು ಒಳಮಡಿಕೆಗೆ ಹಾಕಿ ಪ್ಯಾಕ್ ಮಾಡುವುದು ಬಹಳ ಸುಲಭ. ಡಬ್ಬ ಲಾರಿ ಹತ್ತಿ ಹೋಗಿಯೂ ಬಿಡುತ್ತದೆ. ಆದರೆ ಅಲ್ಲಿ ಬಿಚ್ಚಿದ ದಿನ ಬರೀ ಆ ಪೀಸಲ್ಲ, ಇಡೀ ಲಾಟು ವಾಪಸ್ ಬರುತ್ತದೆ. ಪಾಲಿಸಿಯ ನಿಯಮಗಳನ್ನು ಮಗಳ ಕೈಲಿ ಓದಿಸಿಕೊಂಡೇ ಬಂದಿದ್ದೆ. ಮುಚ್ಚಿಟ್ಟಿದ್ದು ಗೊತ್ತಾದರೆ ಪಾಲಿಸಿಯೂ ಇಲ್ಲ, ಕಟ್ಟಿದ್ದೂ ಇಲ್ಲ. ಸಹಿ ಹಾಕದೆ ಅರ್ಜಿಯನ್ನು ಮೇಷ್ಟ್ರ ಕಡೆಗೆ ತಳ್ಳಿದೆ. ಅವರಿಗೆ ಬೇಜಾರಾಯಿತು.

"ನಿಮ್ಮಕ್ಕೋರು ಇಷ್ಟೊಂದು ಕೇಳ್ಲಿಲ್ಲ ಕಣವ್ವ. ವಾದ ತಿಂಗ್ಳು ಅವ್ರುದ್ದೂ ನಾನೇ ಮಾಡ್ಸಿದ್ದು. ಒಂದು ನೆಗಡಿ ಸೈತ ಬಂದಿಲ್ವಂತೆ, ಸಲೀಸಾಗಿ ಪಾಸಾಯ್ತು."

ಅಕ್ಕನಿಗೆ ನೆಗಡಿಯೂ ಬಂದಿಲ್ಲವಂತೆ! ಸರಿಯಾಗಿಯೇ ಇತ್ತಲ್ಲ. ಕಾಗದದ ಲೆಕ್ಕದಲ್ಲಿ ಅಕ್ಕ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ರೋಗಿಯ ಪಕ್ಕ ಕೂರುವುದಕ್ಕೆ ಮಾತ್ರ. ಸ್ಟೆಂಟ್ ಇದ್ದಿದ್ದು ಅವಳ ಎದೆಯಲ್ಲಿ, ಬರೆದಿದ್ದು ನನ್ನ ಹೆಸರಿನಲ್ಲಿ. ಪಾಪ, ಮೇಷ್ಟ್ರಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ಅಲ್ಲಿಂದ ನೇರ ಅರಕಲಗೂಡಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ನಿರ್ಧಾರ ಗಟ್ಟಿ ಮಾಡಿಕೊಂಡೆ. ಇಬ್ಬರೂ ಶಾಖೆಗೆ ಹೋಗಿ ಇದ್ದಿದ್ದನ್ನು ಇದ್ದ ಹಾಗೆ ಬರೆದುಕೊಡುವುದು, ದುಡ್ಡು ಕೇಳಿದರೆ ನಾನೇ ಕಂತಿನಲ್ಲಿ ಕಟ್ಟುತ್ತೇನೆ ಎನ್ನುವುದು, ತಪ್ಪಾಯಿತು ಅಂತ ಕೈಮುಗಿಯುವುದು. ಅಕ್ಕ ಜೊತೆಗಿದ್ದರೆ ನನಗೆ ಪೊಲೀಸಿನ ಭಯವೂ ಇರಲಿಲ್ಲ.

ಅಕ್ಕ ಮಿಲ್ಲಿನಲ್ಲಿದ್ದಳು. ಹುಬ್ಬು, ರೆಪ್ಪೆಯೆಲ್ಲ ರಾಗಿ ಹಿಟ್ಟು. ಮಿಲ್ಲು ನಿಲ್ಲಿಸಿ, ನನಗೆ ಮಜ್ಜಿಗೆ ಕೊಟ್ಟು, ನಾನು ಹೇಳಿದ್ದನ್ನು ಪೂರ್ತಿ ಕೇಳಿದಳು. ಕೇಳಿಸಿಕೊಂಡ ರೀತಿಯಲ್ಲೇ ನನಗೆ ಅರ್ಥವಾಗಬೇಕಿತ್ತು, ಅವಳು ಒಂದೂ ಪ್ರಶ್ನೆ ಕೇಳಲಿಲ್ಲ.

"ನಾನು ಬರ್ಕೊಟ್ರೆ ನನ್ ಪಾಲಿಸಿ ಓಯ್ತದೆ" ಎಂದಳು ಕೊನೆಗೆ.

"ಬರ್ಕೊಡ್ದಿದ್ರೆ ನಂಗೆ ಪಾಲಿಸಿನೇ ಇಲ್ವಲ್ಲಕ್ಕ."

"ನಿಂಗ್ಯಾಕೆ ಏಳು? ಗುಂಡ್ಕಲ್ಲಂಗಿದೀಯ. ಸ್ಟೆಂಟ್ ಆಕ್ಸಿರೋದು ನಂಗೆ, ನಾಳೆ ಎಚ್ಚುಕಮ್ಮಿ ಆದ್ರೆ ಬೇಕಾಗಿರೋದು ನಂಗೆ. ಏನೂ ಇಲ್ದೋಳು ಇನ್ಸೂರೆನ್ಸ್ ಮಾಡುಸ್ಕಂಡು ಏನ್ ಮಾಡೀಯೆ?"

ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಅದೇ ನನಗೆ ಹೆಚ್ಚು ಉರಿದಿದ್ದು. ಅವಳ ತಲೆಯಲ್ಲಿ ಅದು ನ್ಯಾಯವಾಗಿಯೇ ಇತ್ತು. ಅನ್ನ ಇದ್ದರೆ ಹಸಿದವರಿಗೆ ಮೊದಲು ಬಡಿಸಬೇಕು ಅಷ್ಟೇ. ಅವತ್ತು ಆ ಕಾರ್ಡು ಕೊಟ್ಟಿದ್ದು ಯಾರು ಅಂತ ನೆನಪಿದೆಯಾ ಎಂದು ನಾನು ಕೇಳಿದೆ. ಕೇಳಬಾರದಿತ್ತು. ಕೊಟ್ಟಿದ್ದನ್ನು ಎತ್ತಿ ಆಡಬೇಡ ಎಂದು ಅಕ್ಕ ಅತ್ತಳು, ಬಾವ ಎದ್ದು ಹೊರಗೆ ಹೋದರು. ಅತ್ತು ಮುಗಿಸಿದ ಮೇಲೆ ಅಕ್ಕ ಬೀರುವಿನಿಂದ ಆಸ್ಪತ್ರೆಯ ಫೈಲು ತಂದು ನನ್ನ ಮಡಿಲಲ್ಲಿ ಇಟ್ಟಳು. ಡಿಸ್ಚಾರ್ಜ್ ಕಾಗದ, ಇಸಿಜಿ ಪಟ್ಟಿ, ಆಂಜಿಯೋಗ್ರಾಂ ಸಿ.ಡಿ., ಎಲ್ಲದರ ಮೇಲೂ ನನ್ನ ಹೆಸರು.

"ನಿನ್ ಎಸ್ರಲ್ಲೇ ಐತೆ, ತಗಂಡೋಗು. ಮಾತ್ರೆ ಚೀಟಿ ಅಂಗ್ಡಿಯೋನ್ಗೆ ಬಾಯ್ಪಾಠ ಆಗೈತೆ. ಮನೇಲಿ ಇದ್ರೆ ನಂಗೇ ತೊಂದ್ರೆ."

ಫೈಲು ಎದೆಗವಚಿಕೊಂಡು ಬಸ್ ನಿಲ್ದಾಣದಲ್ಲಿ ಕೂತೆ. ಎರಡು ಬಸ್ಸು ಹೋದವು, ಹತ್ತಲಿಲ್ಲ. ಎದುರಿಗಿದ್ದಿದ್ದು ಮೂರು ದಾರಿ. ನಾನೊಬ್ಬಳೇ ಹೋಗಿ ನಿಜ ಹೇಳಬಹುದು, ಆಗ ಅಕ್ಕನೂ ಬಾವನೂ ಅದು ಸುಳ್ಳು ಎನ್ನುತ್ತಾರೆ. ನಾನು ಎದೆನೋವಿಗೆ ಆಸ್ಪತ್ರೆ ಸೇರಿದವಳೇ ಅಲ್ಲ ಎಂದು ಅರ್ಜಿಯಲ್ಲಿ ಬರೆಯಬಹುದು. ಅದು ಸತ್ಯ. ಆದರೆ ಕ್ಲೇಮಿನ ದಿನ ಆ ಸತ್ಯವನ್ನೇ ಹಿಡಿದು ಮೋಸ ಎನ್ನುತ್ತಾರೆ. ಮೂರನೆಯದು, ಹೌದು ನನಗೆ ಸ್ಟೆಂಟ್ ಇದೆ ಎನ್ನುವುದು. ಅದು ಸುಳ್ಳು. ಕಾಗದಕ್ಕೆ ಹೊಂದುವುದು ಅದೊಂದೇ. ಹನ್ನೊಂದು ವರ್ಷ ಕೆಲಸ ಮಾಡಿದ ಮೇಲೆ ನನಗೆ ಗೊತ್ತಿದ್ದ ಒಂದೇ ನಿಯಮ ಅದು, ಪೀಸು ಮತ್ತು ಅದಕ್ಕೆ ಹಚ್ಚಿದ ಚೀಟಿ ತಾಳೆಯಾಗಬೇಕು. ಪೀಸನ್ನು ತಿದ್ದಲಾಗದಿದ್ದರೆ ಚೀಟಿ ತಿದ್ದುತ್ತಿದ್ದೆವು. ಇಲ್ಲಿ ಚೀಟಿ ತಿದ್ದಲಾಗುವುದಿಲ್ಲ. ಮೂರನೇ ಬಸ್ಸು ಬರುವಷ್ಟರಲ್ಲಿ ನಾನು ಹೃದ್ರೋಗಿಯಾಗಲು ಒಪ್ಪಿದ್ದೆ.

ಮಗಳು ಮೊಬೈಲಿನಲ್ಲಿ ಇನ್ನೊಂದು ಕಂಪನಿಯ ಅರ್ಜಿ ತೆರೆದಳು. ಮೇಷ್ಟ್ರ ಪೆನ್ಸಿಲ್ ಗುರುತು ಇಲ್ಲದ ಅರ್ಜಿ. ಹೃದಯದ ಕಾಯಿಲೆ ಎಂಬಲ್ಲಿ ಹೌದು ಎಂದು ಒತ್ತುವಾಗ ಅವಳು ಒಮ್ಮೆ ನನ್ನ ಮುಖ ನೋಡಿದಳು. ಬೇರೆ ಕಂಪನಿ ನಿರಾಕರಿಸಿದೆಯೇ ಎಂಬುದಕ್ಕೂ ಹೌದು. ಫೈಲಿನ ಪುಟಗಳನ್ನೆಲ್ಲ ಫೋಟೋ ತೆಗೆದು ಕಳಿಸಿದೆವು. ಹೌದು ಎಂದವರಿಗೆ ಪರೀಕ್ಷೆ ಕಡ್ಡಾಯ. ಹಾಸನದ ಒಂದು ಲ್ಯಾಬಿಗೆ ಬರೀ ಹೊಟ್ಟೆಯಲ್ಲಿ ಹೋಗಬೇಕಾಯಿತು. ರಕ್ತ, ಇಸಿಜಿ, ಎಕೋ, ಆಮೇಲೆ ಎದೆಗೆ ವೈರು ಅಂಟಿಸಿ ಓಡುವ ಪಟ್ಟಿಯ ಮೇಲೆ ನಡೆಸಿದರು. ಉಸಿರೂ ಏರದೆ ಇಳಿದೆ. ಆ ಪರೀಕ್ಷೆಗಳಲ್ಲಿ ಸ್ಟೆಂಟ್ ಇದೆಯೋ ಇಲ್ಲವೋ ಕಾಣುವುದಿಲ್ಲ, ಹೃದಯ ಹೇಗೆ ಕೆಲಸ ಮಾಡುತ್ತಿದೆ ಎಂಬುದಷ್ಟೇ ತಿಳಿಯುತ್ತದೆ. ಅಲ್ಲಿನ ಡಾಕ್ಟರು ಪಟ್ಟಿಗಳನ್ನು ತಿರುವಿ ನೋಡಿ ಬಹಳ ಮೆಚ್ಚಿಕೊಂಡರು. ಸ್ಟೆಂಟ್ ತುಂಬ ಚೆನ್ನಾಗಿ ಕೂತಿದೆ, ಹಾಕಿದವರ ಕೈಗೆ ನಮಸ್ಕಾರ ಹೇಳಬೇಕು, ಮಾತ್ರೆ ಮಾತ್ರ ಬಿಡಬೇಡಿ ಎಂದರು. ಯಾರೂ ಮುಟ್ಟದ ನನ್ನ ಹೃದಯಕ್ಕೆ ಸಿಕ್ಕ ಆ ಶಹಬ್ಬಾಸ್‌ಗಿರಿಗೆ ನಗಬೇಕೋ ಅಳಬೇಕೋ ತಿಳಿಯದೆ ಆಗಲಿ ಡಾಕ್ಟ್ರೇ ಎಂದೆ.

ಅದಾದ ಎರಡು ದಿನಕ್ಕೆ, ನಾನು ಕಾಜಾ ಮಷಿನಿನಲ್ಲಿ ಅಂಗಿಗಳಿಗೆ ಗುಂಡಿ ರಂಧ್ರ ಹೊಲಿಯುತ್ತಿದ್ದಾಗ ಕಂಪನಿಯ ಕಡೆಯ ಡಾಕ್ಟರಿಂದ ಫೋನು ಬಂತು. ಹೆಂಗಸಿನ ದನಿ, ಒಳ್ಳೆಯ ಕನ್ನಡ. ಈ ಮಾತುಕತೆ ರೆಕಾರ್ಡ್ ಆಗುತ್ತದೆ ಎಂದು ಮೊದಲೇ ಹೇಳಿದರು. ಅವತ್ತು ನೋವು ಹೇಗೆ ಶುರುವಾಯಿತು ಎಂದು ಕೇಳಿದರು. ಪಾತ್ರೆ ಬೆಳಗುತ್ತಿದ್ದೆ, ಎಡಗೈ ಜೋಮು ಹಿಡಿಯಿತು, ಎದೆಯ ಮೇಲೆ ಯಾರೋ ಮೂಟೆ ಇಟ್ಟ ಹಾಗಾಯಿತು, ಹಣೆ ತಣ್ಣಗೆ ಬೆವರಿತು ಎಂದೆ. ಅಕ್ಕ ಅವತ್ತು ನನ್ನ ಕೈ ಹಿಡಿದು ಹೇಳಿದ ಮಾತುಗಳೇ ಅವು, ಒಂದೂ ಮರೆತಿರಲಿಲ್ಲ. ಹೇಳುತ್ತಾ ಹೇಳುತ್ತಾ ನನ್ನ ದನಿ ಒಡೆಯಿತು. ಅವಳು ಸತ್ತೇಹೋಗುತ್ತಾಳೆ ಎಂದುಕೊಂಡಿದ್ದೆ ಅವತ್ತು.

"ಗಾಬರಿಯಾಗ್ಬೇಡಿ ಅಮ್ಮ" ಎಂದರು ಫೋನಿನ ಡಾಕ್ಟರು. "ಈಗ ಚೆನ್ನಾಗಿದೀರಲ್ಲ. ಮನೇಲಿ ನೋಡ್ಕೊಳ್ಳೋರು ಇದಾರಾ?"

ಅಕ್ಕ ಇದ್ದಾಳೆ ಎಂದೆ.

ಮಷಿನ್‌ಗಳು ನಿಂತಿದ್ದವು. ಮೂವರು ಹೆಂಗಸರೂ ಕೇಳಿಸಿಕೊಂಡಿದ್ದರು. ಆ ಹೊತ್ತಿನಿಂದ ನನಗೆ ಒಂದು ಬಟ್ಟೆ ಗಂಟೂ ಎತ್ತಲು ಬಿಡಲಿಲ್ಲ. ಊರಿನಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು? ಬಾಗೂರಿನ ಕಡೆಯ ಶಾಲೆಯೊಂದರ ಕಾರ್ಯದರ್ಶಿ ಬಂದು, ನಿಮ್ಮ ಆರೋಗ್ಯ ನೋಡಿಕೊಳ್ಳಿ ಎಂದು ಬಹಳ ಕನಿಕರದಿಂದ ಹೇಳಿ, ಅರ್ಧ ಆರ್ಡರನ್ನು ಬೇರೆ ಟೈಲರಿಗೆ ಕೊಟ್ಟರು. ಮಷಿನ್ ಉಳಿಸಿಕೊಳ್ಳಲೆಂದು ಹೊರಟವಳು ಕೈಗೆ ಬಂದ ಕೆಲಸ ಕಳೆದುಕೊಂಡೆ. ನನಗೆ ಏನೂ ಆಗಿಲ್ಲ ಎಂದು ಅವರಿಗೆ ಹೇಗೆ ಹೇಳುವುದು? ಒಬ್ಬರಿಗೆ ಹೇಳಿದರೆ ಎಲ್ಲರಿಗೂ ಹೇಳಿದ ಹಾಗೆ.

ಜೂನ್ ಕೊನೆಗೆ ಕಂಪನಿಯ ಪತ್ರ ಬಂತು. ಪಾಲಿಸಿ ಕೊಡುತ್ತಾರೆ, ಮಾಮೂಲಿಗಿಂತ ಹೆಚ್ಚು ಕಂತು. ಸೊಂಟ ಮುರಿದರೆ, ಡೆಂಗಿ ಬಂದರೆ, ಗರ್ಭಕೋಶ ತೆಗೆಸಬೇಕಾದರೆ ಅವರ ಹಣ. ಹೃದಯಕ್ಕೆ ಸಂಬಂಧಿಸಿದ ಯಾವ ಚಿಕಿತ್ಸೆಗೂ ಎಂದೆಂದಿಗೂ ಹಣ ಕೊಡುವುದಿಲ್ಲ, ಇದಕ್ಕೆ ಒಪ್ಪಿಗೆಯಿದ್ದರೆ ಸಹಿ ಮಾಡಿ ಕಳಿಸಿ. ನಮ್ಮಪ್ಪ ಹೋಗಿದ್ದು ಎದೆನೋವಿನಲ್ಲೇ. ಅಕ್ಕನಿಗೂ ಬಂತು. ನನಗೆ ಮುಂದೆ ಯಾವುದಾದರೂ ಬರುವುದಿದ್ದರೆ ಅದೇ ಬರುತ್ತದೆ ಎಂದು ತಿಳಿಯಲು ಡಾಕ್ಟರಾಗಬೇಕಿಲ್ಲ. ಸಹಿ ಮಾಡಿದೆ.

ಅಕ್ಕನ ಪಾಲಿಸಿಯೂ ಬರೀ ಕಾಗದ ಎಂಬುದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ಅವಳು ನಾಳೆ ಎದೆನೋವೆಂದು ಆಸ್ಪತ್ರೆಗೆ ಸೇರಿದರೆ ಆಂಜಿಯೋಗ್ರಾಂ ಮಾಡುತ್ತಾರೆ, ಡಾಕ್ಟರಿಗೆ ಹಳೆಯ ಸ್ಟೆಂಟ್ ಕಾಣುತ್ತದೆ. ಯಾವಾಗ ಹಾಕಿಸಿದ್ದು, ಎಲ್ಲಿ ಹಾಕಿಸಿದ್ದು ಎಂದು ಕಂಪನಿ ಕೇಳುತ್ತದೆ. ಅವಳಿಗೆ ಹಣ ಬರುವುದಿಲ್ಲ. ದಾರ ಹಿಡಿದು ಎಳೆದರೆ ನನ್ನದೂ ಬಿಚ್ಚಿಕೊಳ್ಳುತ್ತದೆ. ಇದನ್ನೆಲ್ಲ ಅಕ್ಕನಿಗೆ ಫೋನಿನಲ್ಲಿ ಬಿಡಿಸಿ ಹೇಳಿದೆ. ನಿನಗೆ ಸರಿಯಾಗಿ ಸಿಗಲಿಲ್ಲ ಅಂತ ಹೊಟ್ಟೆಕಿಚ್ಚು ಕಣೆ ಎಂದು ಅವಳು ಫೋನಿಟ್ಟಳು. ಒಂದು ವಾರ ಮಾತಿಲ್ಲ.

ಎಂಟನೇ ದಿನ ನಾನೇ ಫೋನು ಮಾಡಿದೆ. ಇಬ್ಬರ ಪಾಲಿಸಿಯೂ ನಿಂತಿರುವುದು ಅವಳ ಎದೆ ಕೆಡದೆ ಇರುವುದರ ಮೇಲೆ. ಅವಳು ಮಿಲ್ಲಿನ ಗಡಿಬಿಡಿಯಲ್ಲಿ ಮಾತ್ರೆ ಮರೆಯುವವಳು. ಈಗ ದಿನಾ ಬೆಳಿಗ್ಗೆ, ಅಂಗಡಿಯ ಬಾಗಿಲು ತೆಗೆಯುವ ಮುಂಚೆ, ತಿಂಡಿ ಆಯ್ತಾ, ಮಾತ್ರೆ ನುಂಗಿದೆಯಾ, ಎಣ್ಣೆ ಪದಾರ್ಥ ತಿನ್ನಲಿಲ್ಲ ತಾನೇ ಎಂದು ಕೇಳುತ್ತೇನೆ. ನುಂಗುವವರೆಗೆ ಫೋನು ಇಡುವುದಿಲ್ಲ. ಅಕ್ಕನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆದರೆ ಆ ಫೋನು ಮಾಡಿಸುವುದು ಪ್ರೀತಿಯಲ್ಲ, ಅದು ನನಗೆ ಗೊತ್ತು. ಅಕ್ಕನಿಗೆ ಗೊತ್ತಿಲ್ಲ. ರಾಗಿ ಬೀಸಿಸಲು ಬಂದವರಿಗೆಲ್ಲ ಅವಳು ಹೇಳುತ್ತಾಳಂತೆ:

"ಒಡುಟ್ಟಿದ್ರೆ ಅಂಥ ತಂಗಿ ಉಟ್ಬೇಕು ಕಣ್ರವ್ವ. ನಾನು ಅಷ್ಟು ಅಂದ್ರೂವೆ ಮನ್ಸಲ್ಲಿ ಇಟ್ಕಳ್ಳಿಲ್ಲ, ಒಂದಿನ ತಪ್ದಂಗೆ ಫೋನ್ ಮಾಡ್ತಾಳೆ."